ಅವ್ವನ ಗುರುತು ಹಿಡಿಯದ ಗೇಟು

ಯಾವುದೇ ಯಂತ್ರ ಕೊಳ್ಳುವಾಗ ಸರ್ವಿಸ್ ಬಿಟ್ಟುಕೊಟ್ಟು ರೇಟು ಇಳಿಸಿಕೊಳ್ಳಬೇಡಿ. ನಾಚಾರಂನಲ್ಲಿ ರಟ್ಟಿನ ಡಬ್ಬಿ ಮಾಡಿ ಮಾರಿ, ಆ ಡಬ್ಬಿಗಳ ಮೇಲೆಯೇ ಗಚ್ಚಿಬೌಲಿಯಲ್ಲೊಂದು ಫ್ಲ್ಯಾಟು ಕಟ್ಟಿಕೊಂಡವನ ಮಾತಿದು, ಪುಕ್ಕಟೆ ಸಿಗುತ್ತಿದೆ, ಇಟ್ಟುಕೊಳ್ಳಿ.

ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಮುಖ ಗುರುತಿಸುವ ಕ್ಯಾಮೆರಾ ಹಾಕಿಸುವುದೆಂದಾದಾಗ ಕಮಿಟಿಯವರು ಚೌಕಾಸಿಗೆ ನನ್ನನ್ನೇ ಮುಂದೆ ತಳ್ಳಿದರು. ಮಾರಲು ಬಂದವನು, “ಇದು ಕೃತಕ ಬುದ್ಧಿಮತ್ತೆ ಸರ್, ತಾನೇ ಕಲೀತದೆ” ಎಂದ.

“ತಾನೇ ಕಲಿಯೋದಾದ್ರ ಕಲಿಸೋ ಮಂದಿಗೆ ವರ್ಷಾ ವರ್ಷಾ ರೊಕ್ಕ ಯಾಕ್ರಿ? ಆ ಸರ್ವಿಸ್ ತೆಗೀರಿ” ಎಂದೆ. ತೆಗೆದ. ಸಭೆ ಚಪ್ಪಾಳೆ ತಟ್ಟಿತು.

ತಕರಾರು ಶುರುವಾದದ್ದು ಆಮೇಲೆ. ಹೊಸ ಮುಖ ಸೇರಿಸಬೇಕಾದರೂ, ಯಾರು ಯಾವಾಗ ಬಂದರು ಹೋದರು ಎಂದು ನೋಡಬೇಕಾದರೂ ಒಂದು ಗುಪ್ತ ನಂಬರು ಬೇಕು. ಅದು ಯಾರ ಕೈಯಲ್ಲಿರಬೇಕು? ಅಧ್ಯಕ್ಷರು ಎ ಬ್ಲಾಕಿನವರು, ತೆಲುಗು ಮಂದಿ, ಪ್ಲಾಟುಗಳ ವ್ಯವಹಾರ. ಕಾರ್ಯದರ್ಶಿ ಬಿ ಬ್ಲಾಕಿನವರು, ನಮ್ಮ ಕಲಬುರಗಿ ಕಡೆಯವರೇ. ಸರ್ಕಾರಿ ನೌಕರಿಯಿಂದ ನಿವೃತ್ತರಾದರೂ ಅನುಮಾನದಿಂದ ನಿವೃತ್ತರಾಗದವರು.

“ಅವ್ರ ಕೈಯಾಗ ಕೊಟ್ರ, ನನ್ನ ಬೀಗರು ಯಾವಾಗ ಬಂದ್ರು, ಎಷ್ಟು ದಿನ ಉಳದ್ರು, ಎಲ್ಲಾ ಎ ಬ್ಲಾಕಿಗೆ ಗೊತ್ತಾಗ್ತೈತ್ರಿ” ಎಂದು ಕಾರ್ಯದರ್ಶಿ ಪಟ್ಟು ಹಿಡಿದರು. ಅಧ್ಯಕ್ಷರದೂ ಅದೇ ಭಯ, ತೆಲುಗಿನಲ್ಲಿ.

ನಾನು ಎದ್ದು ನಮ್ಮೂರ ಗುಡಿಯ ಕಥೆ ಹೇಳಿದೆ. ಅಲ್ಲಿನ ಹುಂಡಿಗೆ ಎರಡು ಕೀಲಿ. ಒಂದು ಗೌಡರ ಹತ್ತಿರ, ಇನ್ನೊಂದು ಪೂಜಾರಿಯ ಹತ್ತಿರ. ಇಬ್ಬರೂ ಬಂದರಷ್ಟೇ ಹುಂಡಿ ತೆರೆಯುತ್ತದೆ. ಹಾಗೆಯೇ ಇಲ್ಲಿಯೂ ಅರ್ಧ ನಂಬರು ಅಧ್ಯಕ್ಷರದು, ಅರ್ಧ ಕಾರ್ಯದರ್ಶಿಯದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಬಾರದು. ಅವತ್ತೇ ಯಂತ್ರವಿದ್ದ ವಾಚ್‌ಮನ್ನನ ಕೋಣೆಯಲ್ಲಿ ಇಬ್ಬರೂ ಸರದಿಯ ಮೇಲೆ ತಲೆಗೆ ಟವೆಲ್ ಹೊದ್ದು, ನೆಗಡಿಗೆ ಹಬೆ ತಗೊಂಡ ಹಾಗೆ ಬಗ್ಗಿ, ತಮ್ಮ ತಮ್ಮ ಅಂಕಿ ಒತ್ತಿದರು. ಮತ್ತೆ ಚಪ್ಪಾಳೆ.

ಗಣಪತಿ ಹಬ್ಬದವರೆಗೆ ಎಲ್ಲ ಸುಸೂತ್ರ. ಲಾಡು ಹರಾಜಿನಲ್ಲಿ ಇವರಿಬ್ಬರೂ ಹಟಕ್ಕೆ ಬಿದ್ದು ಕೂಗಿದರು. ಗೆದ್ದ ಅಧ್ಯಕ್ಷರು ಹಂಚುವಾಗ ಎ ಬ್ಲಾಕಿಗೆ ಗೋಡಂಬಿಯಿದ್ದ ತುಂಡು, ಬಿ ಬ್ಲಾಕಿಗೆ ಬರೀ ಪುಡಿ ಕಳಿಸಿದರು ಎಂದು ಕಾರ್ಯದರ್ಶಿ ಅವರ ಜೊತೆ ಮಾತು ಬಿಟ್ಟರು. ಒಬ್ಬರಿದ್ದ ಲಿಫ್ಟಿಗೆ ಇನ್ನೊಬ್ಬರು ಹತ್ತುತ್ತಿರಲಿಲ್ಲ.

ಆ ಹೊತ್ತಿಗೇ ನಮ್ಮ ಅವ್ವ ಊರಿಂದ ಬಂದಳು. ಇನ್ನು ನಮ್ಮ ಜೊತೆಗೇ ಇರಲು. ಒಪ್ಪಿಸುವುದಕ್ಕೆ ನಾನು ಎಷ್ಟು ವರ್ಷ ಗೋಗರೆದಿದ್ದೆ ಎಂಬುದು ನನಗೇ ಗೊತ್ತು. ಜಗತ್ತಿನಲ್ಲಿ ನನ್ನ ಚೌಕಾಸಿಗೆ ಬಗ್ಗದವಳು ಅವಳೊಬ್ಬಳೇ.

ಗೇಟು ಅವಳನ್ನು ನೋಡಿ ಹಿಂದಿಯಲ್ಲಿ, ಒಂದು ಹುಡುಗಿಯ ದನಿಯಲ್ಲಿ, “ಅಪರಿಚಿತ ವ್ಯಕ್ತಿ, ಎಚ್ಚರ” ಎಂದು ಕೂಗಿತು. ವಾಚ್‌ಮನ್ ಗುಂಡಿ ಒತ್ತಿ ಒಳಗೆ ಬಿಡುತ್ತಿದ್ದ, ಅದೇನೂ ತೊಂದರೆಯಿಲ್ಲ. ಆದರೆ ಅವಳು ಬಂದು ಹೋದಾಗಲೆಲ್ಲ ಅವಳ ಫೋಟೋ ಎಲ್ಲ ಮನೆಗಳ ಫೋನಿಗೂ ಹೋಗುತ್ತಿತ್ತು. ಕೈಯಲ್ಲಿ ಕೊತ್ತಂಬರಿ ಕಟ್ಟು, ಮುಖದ ಸುತ್ತ ಕೆಂಪು ಚೌಕ.

“ಒಳಗ ಕುಂತು ಒದರಾಕಿ ಯಾರೋ?” ಎಂದು ಅವ್ವ ಕೇಳಿದಳು. “ದಿನಾ ನಿಂತು ಹೇಳಾಕತ್ತೀನಿ, ಇಂಥವನ ತಾಯಿ ಅಂತ. ಕಿವಿ ಕೇಳಂಗಿಲ್ಲೇನು ಅದಕ್ಕ?”

ಮಾರಿದವನಿಗೆ ಫೋನು ಮಾಡಿದೆ. “ಸರ್ವಿಸ್ ನೀವೇ ತೆಗೆಸಿದ್ರಲ್ಲ ಸರ್” ಎಂದು ಭಾಳ ಮರ್ಯಾದೆಯಿಂದ ಹೇಳಿದ.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಬ್ಬದ ಶುಭಾಶಯ ಕೋರುವ ಅಧ್ಯಕ್ಷರ ನಗುಮುಖದ ಫ್ಲೆಕ್ಸನ್ನು ಮುಂದೆ ಕಟ್ಟಿಕೊಂಡು ಒಂದು ಆಟೋ ಬಂತು. ಗೇಟು “ಸ್ವಾಗತ” ಎಂದು ತಾನಾಗಿ ತೆರೆಯಿತು. ಆಹಾ, ಇಷ್ಟು ಸಸ್ತಾ ಉಪಾಯ ಇರುವಾಗ ನಂಬರು ಯಾಕೆ ಎಂದುಕೊಂಡು, ನನ್ನ ಮುಖವನ್ನೇ ದೊಡ್ಡದಾಗಿ ಮುದ್ರಿಸಿ, ಒಳ್ಳೇ ರಟ್ಟಿಗೆ ಅಂಟಿಸಿ ಅವ್ವನ ಕೈಗೆ ಕೊಟ್ಟೆ. “ಇದನ್ನ ಎದೀಗೆ ಹಿಡಕೊಂಡು ಹೋಗವ್ವ. ತಂತಾನೇ ತೆರೀತೈತಿ.”

ಅವ್ವ ರಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. “ಮಗ ಗುಂಡುಕಲ್ಲಿನಂಗ ಕಣ್ಣ ಮುಂದಿರಬೇಕಾದ್ರ ಅವನ ಫೋಟೋ ಎದೀಗಿಟ್ಕೊಂಡು ತಿರಗಬೇಕೇನ ನಾನು? ಇದಕ್ಕೊಂದು ಹಾರ ಅಷ್ಟ ಕಡಿಮಿ ಐತಿ. ಅಮಾಸಿಯೊಳಗ ಆ ಹುಡುಗಿಗೆ ನನ್ನ ಗುರ್ತು ಹತ್ತಲಿಲ್ಲಂದ್ರ, ಲಿಂಗಂಪಲ್ಲಿ ಟೇಶನ್ನಿಗೆ ಕರಕೊಂಡು ಹೋಗಿ ಗಾಡಿ ಹತ್ತಸು. ನನ್ನನ್ನ ಕಳ್ಳಿ ಅನ್ನೋ ಬಾಗಲದಾಗ ನಾ ಇರಾಂಗಿಲ್ಲ.” ಹೇಳಿದವಳೇ ಚೀಲ ತುಂಬತೊಡಗಿದಳು.

ಕಾರ್ಯದರ್ಶಿಯ ಮನೆಗೆ ಓಡಿದೆ. “ಅವ್ರು ಆ ಕೋಣಿಯೊಳಗ ಕಾಲಿಟ್ರ ನಾ ಇಡಾಂಗಿಲ್ರಿ” ಎಂದರು. ಅಧ್ಯಕ್ಷರದೂ ಅದೇ ಮಾತು. ಹಾಗಿದ್ದರೆ ಅಂಕಿಯನ್ನು ನನ್ನ ಕಿವಿಯಲ್ಲಿ ಹೇಳಿ ಎಂದೆ. ಇಬ್ಬರೂ ನಕ್ಕರು, ಬೇರೆ ಬೇರೆ ಮನೆಯಲ್ಲಿ, ಒಂದೇ ಥರ.

ಗಿರಾಕಿ ನಿಮ್ಮನ್ನು ನಂಬದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅವನು ನಂಬುವ ಮಾಲು ತೋರಿಸಿ. ಮತ್ತೆ ಕಾರ್ಯದರ್ಶಿಯ ಮನೆಗೆ ಹೋಗಿ ಕೂತೆ. “ನಮ್ಮ ಅವ್ವನ ಕಿವಿಯಾಗ ಹೇಳ್ರಿ. ಆಕಿಗೆ ಇಲ್ಲಿ ಓಟಿಲ್ಲ. ಫೋನಿಲ್ಲ. ಎ ಬ್ಲಾಕ್ ಯಾವುದು, ಬಿ ಬ್ಲಾಕ್ ಯಾವುದು, ಇನ್ನೂ ಗೊತ್ತಾಗಿಲ್ಲ. ಆಕಿ ಯಾರ ಕಡೆಯಾಕೀನೂ ಅಲ್ಲ ಅಂತ ನಿಮ್ಮ ಯಂತ್ರನೇ ದಿನಾ ಒದರಿ ಹೇಳಾಕತ್ತೈತಿ. ಇಂಥ ಮನುಷ್ಯಾರು ಇಡೀ ಗಚ್ಚಿಬೌಲಿಯೊಳಗ ಸಿಗ್ತಾರೇನ್ರಿ?”

ಕಾರ್ಯದರ್ಶಿ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಅವರು ಒಪ್ಪಿದರೆಂದು ಅಧ್ಯಕ್ಷರು ಒಪ್ಪಿದರು.

ಅವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಮಾತ್ರ ಸಂತೆಯ ಹಿಂದಿಯಲ್ಲೂ ಚೆನ್ನಾಗಿ ಬರುತ್ತವೆ. ಅಧ್ಯಕ್ಷರು ಬಗ್ಗಿ ಹಿಂದಿಯಲ್ಲಿ ಪಿಸುಗುಟ್ಟಿದರು. ಅವರು ಎ ಬ್ಲಾಕಿಗೆ ಮರಳಿದ ಮೇಲೆ ಕಾರ್ಯದರ್ಶಿ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು. ಅವ್ವ ಎರಡನ್ನೂ ಬಾಯೊಳಗೆ ಮಣಮಣ ಎನ್ನುತ್ತ ವಾಚ್‌ಮನ್ನನ ಕೋಣೆಗೆ ನಡೆದಳು. ಟವೆಲ್ ಬೇಕಾಗಲಿಲ್ಲ, ಸೆರಗೇ ಇತ್ತು. ಅದನ್ನು ಯಂತ್ರದ ಮೇಲೂ ಹೊದಿಸಿ ಅಂಕಿ ಒತ್ತಿದಳು. ಆಮೇಲೆ ಕ್ಯಾಮೆರಾದ ಮುಂದೆ, ಗಂಡಿನವರು ನೋಡಲು ಬಂದಾಗಲೂ ಕೂತಿರಲಿಕ್ಕಿಲ್ಲ, ಅಷ್ಟು ನೆಟ್ಟಗೆ ಕೂತಳು.

ಹೊರಗೆ ಹೋಗಿ ತಿರುಗಿ ಬಂದಳು. “ಸ್ವಾಗತ” ಎಂದಿತು ಹುಡುಗಿ.

“ಈಗ ಬುದ್ಧಿ ಬಂತು ನೋಡು ಆಕಿಗೆ” ಎಂದಳು ಅವ್ವ.

ಅಮಾವಾಸ್ಯೆ ಬಂತು, ಹೋಯಿತು. ಅವ್ವ ಚೀಲ ಬಿಚ್ಚಿದ್ದು ನಾನು ಹೇಳಿದ್ದಕ್ಕಲ್ಲ. ಎ ಬ್ಲಾಕಿಗೆ ಹೊಸ ಬಾಡಿಗೆಯವರು ಬಂದರು, ಬಿ ಬ್ಲಾಕಿಗೆ ಹೊಸ ಕೆಲಸದಾಕೆ ಬಂದಳು. ಅವರ ಮುಖ ಸೇರಿಸಲು ಇಡೀ ನಂಬರು ಗೊತ್ತಿರುವವಳು ಇಡೀ ಕಟ್ಟಡದಲ್ಲಿ ಅವ್ವ ಒಬ್ಬಳೇ. ಅಧ್ಯಕ್ಷರು ಬಂದರೆ, “ರೊಟ್ಟಿ ಹಂಚಿನ ಮ್ಯಾಲ ಐತಿ, ಕುಂಡ್ರಿ” ಎನ್ನುತ್ತಾಳೆ. ಕಾರ್ಯದರ್ಶಿ ಬಂದರೂ ಅದೇ. ಒಮ್ಮೆ ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು ಕಾದರು.

“ಊರಿಗೆ ಹೋಗ್ತೀನಿ ಅಂದಿದ್ದೆಲ್ಲವ್ವ?” ಎಂದು ಕೆಣಕಿದೆ.

“ಕೀಲಿ ನನ್ನ ಹತ್ರ ಐತಿ. ಹೆಂಗ ಹೋಗ್ಲಿ?”

“ಹಂಗಾರ ನನಗ ಹೇಳು, ನಾ ನೋಡ್ಕೋತೀನಿ.”

ಅವ್ವ ರೊಟ್ಟಿ ತಿರುವಿ ಹಾಕಿದಳು. “ನಿನಗ ಹೇಳಾಂಗಿಲ್ಲಪಾ. ನೀ ವ್ಯಾಪಾರಸ್ಥ. ಯಾರರ ಛಲೋ ರೇಟ ಕೊಟ್ರ ಮಾರಿಬಿಡ್ತಿ.”