ಜಲ್ಲಿ ದಾರಿಗೆ ನೆಟ್ಟ ಹಸಿಕೊಂಬೆಗಳು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಲಾರಿಯೊಂದು ಜಲ್ಲಿ ಸುರಿದು ಹೋಯಿತು. ಅದರ ಮೇಲೆ ಮಳೆ ಬಿದ್ದಾಗ ಒದ್ದೆ ಕಲ್ಲುಪುಡಿಯ ವಾಸನೆ ಬಾಲ್ಕನಿಯವರೆಗೆ ಬಂತು. ಬಟ್ಟೆ ತೆಗೆಯಲು ಹೋದವಳು ಹಾಗೇ ನಿಂತುಬಿಟ್ಟೆ. ಲಾಸ್ ಗ್ಯಾಟೋಸ್ ಗುಡ್ಡದ ಮೇಲೆ ನಾವಿದ್ದ ಮನೆ, ಅದರ ಮುಂದಿನ ದಾರಿ, ಮತ್ತೆ ಆ ಮೇಲ್ಮನೆಯವರು...

ಮಕ್ಕಳೇ, ಈ ಅಜ್ಜಿಗಿರುವಷ್ಟು ನಿಮಗೆ ಅವರ ನೆನಪಿರಲಾರದು. ಆಗ ನಿಮ್ಮಲ್ಲಿ ದೊಡ್ಡವಳು ಡೇಕೇರಿಗೆ ಹೋಗುತ್ತಿದ್ದಳು, ಚಿಕ್ಕವನು ಹುಟ್ಟಿರಲಿಲ್ಲ. ರಸ್ತೆಯಿಂದ ಹೊರಟ ಒಂದೇ ಜಲ್ಲಿ ದಾರಿ ಗುಡ್ಡ ಹತ್ತಿ, ನಮ್ಮ ಮನೆ ದಾಟಿ, ಇನ್ನೂ ಮೇಲಿದ್ದ ಅವರ ಮನೆಗೆ ಹೋಗುತ್ತಿತ್ತು. ಅವರು ನಮ್ಮ ಹಾಗೆ ಹೊರಗಿಂದ ಬಂದವರಲ್ಲ, ಈ ದೇಶದವರೇ, ಒಂಟಿ, ತಾತನಿಗಿಂತ ಹಿರಿಯರು. ನನಗೆ ಇಂಗ್ಲಿಷ್ ಬಾರದು. ಎದುರು ಸಿಕ್ಕರೆ ಅವರು ಟೋಪಿ ಮುಟ್ಟುತ್ತಿದ್ದರು, ನಾನು ಸೆರಗು ಸರಿಮಾಡಿಕೊಂಡು ಒಳಗೆ ಬಂದುಬಿಡುತ್ತಿದ್ದೆ.

ತಾತನಿಗೆ ಆಗ ಡಯಾಲಿಸಿಸ್ ಶುರುವಾಗಿತ್ತು. ನಿಮ್ಮಪ್ಪ ಅವರನ್ನು ಬೆಳಿಗ್ಗೆ ಬೆಳಿಗ್ಗೆ ಕಾರಿನಲ್ಲಿ ಕರೆದೊಯ್ಯಬೇಕು. ಇಲ್ಲಿ ಚಳಿಗಾಲವೆಂದರೆ ಮಳೆಗಾಲ. ಹಿಂದಿನ ಚಳಿಗಾಲದಲ್ಲಿ ಚಕ್ರದ ಜಾಡುಗಳೇ ಹಳ್ಳವಾಗಿ, ಜಲ್ಲಿಯೆಲ್ಲ ರಸ್ತೆಗೆ ಹರಿದು, ಕಾರು ಕೆಸರಿನಲ್ಲಿ ಹೂತು ಒಂದು ಸಲ ಆಸ್ಪತ್ರೆ ತಪ್ಪಿತ್ತು. ತಾತನ ಕಾಲು, ಮುಖ ಊದಿಕೊಂಡವು. ಉಸಿರಿಗಾಗಿ ಅವರು ಪಟ್ಟ ಪಾಡು ನೋಡಿದವಳು ನಾನು. ಮುಂದಿನ ಮಳೆಗೆ ಈ ದಾರಿ ಉಳಿಯಬೇಕು, ನನ್ನ ತಲೆಯಲ್ಲಿದ್ದದ್ದು ಅದೊಂದೇ.

ಹಾಗಿರುವಾಗ, ಮಳೆ ಶುರುವಾಗುವ ಮೊದಲೇ ಮೇಲ್ಮನೆಯವರು ಸನಿಕೆ ಹಿಡಿದು ದಾರಿಗಿಳಿದರು. ಅಡುಗೆಮನೆ ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಕೆಳಗೆ ಗುಡ್ಡೆಯಾಗಿದ್ದ ಜಲ್ಲಿಯನ್ನು ತಳ್ಳುಗಾಡಿಯಲ್ಲಿ ತುಂಬಿ ಮೇಲಕ್ಕೆ ಒಯ್ದರು. ನಿಮ್ಮಪ್ಪ ಹಾಕಿಸಿದ ಜಲ್ಲಿಯೂ ಅದರಲ್ಲಿತ್ತು. ಜಾಡುಗಳನ್ನು ತುಂಬಿ, ಕುಟ್ಟಿ, ದಾರಿಯ ನಡುವನ್ನು ಆಮೆಯ ಬೆನ್ನಿನ ಹಾಗೆ ಎತ್ತರಿಸಿದರು. ಆಮೇಲೆ ನಮ್ಮ ಮನೆಗಿಂತ ತುಸು ಮೇಲೆ ದಾರಿಗೆ ಅಡ್ಡಲಾಗಿ, ಓರೆಯಾಗಿ ಒಂದು ಕಾಲುವೆ ತೋಡಿದರು. ಅದರ ಬಾಯಿ ನೇರ ನಮ್ಮ ಗೋಡೆಯ ಕಡೆಗೆ!

ಮಂಡ್ಯದ ಕಡೆ ನಾಲೆ ನೀರಿನ ಗದ್ದೆಗಳ ನಡುವೆ ಬೆಳೆದವಳು ನಾನು. ಬದು ಒತ್ತುವವರನ್ನೂ ನೋಡಿದ್ದೇನೆ, ತಮಗೆ ಬೇಡದ ನೀರನ್ನು ಪಕ್ಕದವರ ಗದ್ದೆಗೆ ಒಡೆದುಬಿಡುವವರನ್ನೂ ನೋಡಿದ್ದೇನೆ. ಎದುರಿಗೆ ಸಿಕ್ಕಾಗ ಅವರೆಲ್ಲ ಬಹಳ ಮರ್ಯಾದಸ್ತರೇ.

“ಅಮ್ಮ, ಪಾಪ ಅವ್ರು ಹೆಲ್ಪ್ ಮಾಡ್ತಿದಾರೆ, ಸುಮ್ನಿರಮ್ಮ,” ಎಂದ ನಿಮ್ಮಪ್ಪ.

“ಕೇಳ್ದೆ ಕರೀದೆ ಯಾರಪ್ಪ ಸನಿಕೆ ಹಿಡೀತಾರೆ? ಅವ್ರ ನೀರ್ನೆಲ್ಲ ನಮ್ಮ ಗೋಡೆಗೆ ತಿರುಗಿಸ್ತಾ ಅವ್ರೆ. ಹೋಗಿ ಕೇಳು.”

“ಮೀಟಿಂಗಿದೆ. ಶನಿವಾರ ಮಾತಾಡ್ತೀನಿ.”

ತಾತ ಸೋಫಾದಲ್ಲಿ ಮಲಗಿದ್ದಲ್ಲಿಂದಲೇ ನಕ್ಕರು. “ಲೇ ಪೊಲೀಸಮ್ಮ, ಡ್ಯೂಟಿ ಮುಗೀತಾ? ಒಂದು ಗುಟುಕು ಕಾಫಿ ಸಿಗ್ತದಾ?”

ನಮ್ಮೂರಲ್ಲಿ ಬದುವಿನ ತಕರಾರಾದರೆ ಆ ಜಾಗದಲ್ಲಿ ಹಸಿಕೊಂಬೆ ನೆಟ್ಟು ಬರುತ್ತಿದ್ದರು. ಇಲ್ಲಿ ನನ್ನ ತಕರಾರಿದೆ, ತೀರ್ಮಾನ ಆಗುವವರೆಗೆ ಮುಟ್ಟಬೇಡ ಎಂದು ಅದರ ಅರ್ಥ. ಬಾಯಿಬಿಡಲು ಅಂಜುವ ನನ್ನಂಥವರಿಗೆ ಹೇಳಿ ಮಾಡಿಸಿದ ರೂಢಿ. ಮರುದಿನ ನಿಂಬೆ ಗಿಡದ ಕೊಂಬೆಯೊಂದನ್ನು ಮುರಿದು ಕಾಲುವೆಯ ಬಾಯಿಗೆ ನೆಟ್ಟು ಬಂದೆ.

ಅವರು ಬಂದರು. ಕೊಂಬೆ ನೋಡಿದರು. ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಪರದೆ ಹಿಂದೆ ಸರಿದೆ. ಮತ್ತೆ ಇಣುಕಿದಾಗ, ಕೊಂಬೆಯನ್ನು ಮುಟ್ಟದೆ, ಅದರ ಪಕ್ಕದಿಂದ ಕಾಲುವೆಯನ್ನು ಆಚೆಗೆ ತಿರುಗಿಸುತ್ತಿದ್ದರು. ಎಂಥ ಕಿಲಾಡಿ, ತಕರಾರನ್ನೇ ಸುತ್ತುಹಾಕಿಕೊಂಡು ಹೋಗುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಹೊಸ ಬಾಯಿ ಗೋಡೆಯ ಮೂಲೆಗೆ ಬಂದಿತ್ತು. ಅಲ್ಲೂ ಒಂದು ಕೊಂಬೆ ನೆಟ್ಟೆ. ಅವರು ಮತ್ತೆ ತಿರುಗಿಸಿದರು. ನಾನು ಮತ್ತೆ ನೆಟ್ಟೆ... ನಿಂಬೆ ಗಿಡ ಬೋಳಾಗುವ ಹೊತ್ತಿಗೆ ಕಾಲುವೆ ನಮ್ಮ ಮನೆಯನ್ನು ದಾಟಿ, ಓಕ್ ಮರಗಳಾಚೆಯ ಕೊರಕಲು ಸೇರಿತ್ತು. ಆಗಲೂ ನನಗೆ ಸಮಾಧಾನವಿಲ್ಲ. ಇಷ್ಟು ಸುಲಭಕ್ಕೆ ಒಪ್ಪಿದರೆಂದರೆ ಬೇರೇನೋ ಇರಬೇಕು ಎಂದುಕೊಂಡೆ.

ಆ ವರ್ಷ ಮಳೆ ಜೋರಾಗಿಯೇ ಬಂತು. ತಾತನ ಆಸ್ಪತ್ರೆಯ ಒಂದು ಬೆಳಿಗ್ಗೆ, ರಸ್ತೆಯ ಕೆಳಗಿನ ತಿರುವಿನಲ್ಲಿದ್ದ ಬೇರೊಂದು ಮನೆಯವರ ದಾರಿ ಕೊಚ್ಚಿಹೋಗಿದೆ ಎಂದು ನಿಮ್ಮಪ್ಪ ಫೋನಿನಲ್ಲಿ ನೋಡಿ ಹೇಳಿದ. ನಾನು ಕೊಡೆ ಹಿಡಿದು ಹೊರಗೆ ಓಡಿದೆ. ಮೇಲಿಂದ ಕೆಂಪು ನೀರು ರಭಸವಾಗಿ ಇಳಿದು ಬರುತ್ತಿತ್ತು. ಓರೆ ಕಾಲುವೆಗೆ ಬಂದದ್ದೇ ತಿರುಗಿ, ಓಕ್ ಮರಗಳ ಕಡೆ ಹೋಯಿತು. ಅದರ ಕೆಳಗಿನ ಜಲ್ಲಿ ಹಾಸಿದ ಹಾಗೇ ಇತ್ತು. ತಾತನನ್ನು ಕೂರಿಸಿಕೊಂಡ ಕಾರು ಎಲ್ಲೂ ಜಾರದೆ ಇಳಿದುಹೋಯಿತು. ಮೇಲ್ಮನೆಯವರು ರೈನ್‌ಕೋಟು ಹಾಕಿಕೊಂಡು ಕಾಲುವೆಗೆ ಸಿಕ್ಕಿದ ಎಲೆ ಎಳೆದು ಹಾಕುತ್ತಿದ್ದರು. ಕಾರು ರಸ್ತೆ ಸೇರುವವರೆಗೂ ಅದನ್ನೇ ನೋಡುತ್ತ ನಿಂತರು. ಹಾಗೇಕೆ ನೋಡಿದರೋ ಎಂದು ಅದಕ್ಕೂ ಅನುಮಾನಪಟ್ಟೆ.

ಮಳೆಯೆಲ್ಲ ಮುಗಿದ ಮೇಲೆ ಒಂದು ದಿನ ಚೀಲ ತುಂಬ ಕಿತ್ತಳೆ ಹಿಡಿದು ಬಾಗಿಲಿಗೆ ಬಂದರು. ನಿಮ್ಮಪ್ಪನ ಜೊತೆ ಏನೋ ಮಾತಾಡಿದರು. ಅವನು ಬಿದ್ದು ಬಿದ್ದು ನಕ್ಕ.

“ಅಮ್ಮ, ನೀರು ಎಲ್ಲಿಗೆ ಹೋಗ್ಬೇಕು ಅಂತ ಕೊಂಬೆ ನೆಟ್ಟು ದಾರಿ ತೋರಿಸಿದ್ಯಂತೆ, ಅದಕ್ಕೆ ಥ್ಯಾಂಕ್ಸು. ನೀನಿಲ್ದಿದ್ರೆ ನೀರು ಗೋಡೆಗೇ ಬರ್ತಿತ್ತಂತೆ. ಯಾವಾಗಮ್ಮ ಇಂಜಿನಿಯರಿಂಗ್ ಓದಿದ್ದು?”

“ಪೊಲೀಸಮ್ಮಂಗೆ ಪ್ರಮೋಷನ್ನು!” ಎಂದರು ತಾತ.

ನಾನು ನಗಲಿಲ್ಲ. ಮೇಲ್ಮನೆಯವರ ಮುಖವನ್ನೇ ನೋಡುತ್ತಿದ್ದೆ. ಬಿಳಿ ಮೀಸೆಯಡಿಯಲ್ಲಿ ಸಣ್ಣ ನಗುವೊಂದು ಬಂದು ಹೋಯಿತು... ಬಂತೋ, ನನಗೆ ಹಾಗೆ ಕಂಡಿತೋ. ನನ್ನ ಕೊಂಬೆಗಳು ತಕರಾರೆಂದು ಅವರಿಗೆ ನಿಜವಾಗಿ ತಿಳಿಯಲಿಲ್ಲವೇ? ತಿಳಿದೂ ತಿಳಿಯದವರ ಹಾಗೆ ಇದ್ದರೇ? ಟೋಪಿ ಮುಟ್ಟಿ ಹೊರಟುಹೋದರು. ಕಿತ್ತಳೆ ಸಿಹಿಯಾಗಿದ್ದವು, ಆದರೂ ಎರಡೆರಡು ಸಲ ತೊಳೆದೇ ಕೊಟ್ಟೆ.

ಆಮೇಲೂ ಕೆಲವು ಚಳಿಗಾಲ ತಾತ ಆ ದಾರಿಯಲ್ಲೇ ಹೋಗಿ ಬಂದರು. ಕೊನೆಯ ಸಲ ಹೋದವರು ಬರಲಿಲ್ಲ. ಆ ದಿನವೂ ದಾರಿ ಚೆನ್ನಾಗಿಯೇ ಇತ್ತು. ನಾವು ಗುಡ್ಡದ ಮನೆ ಬಿಟ್ಟು ಸಾಂಟಾ ಕ್ಲಾರಾಕ್ಕೆ ಬಂದೆವು. ಮೇಲ್ಮನೆಯವರೂ ತೀರಿಕೊಂಡರಂತೆ, ಮನೆ ಕೊಂಡವರು ದಾರಿಗೆ ಟಾರು ಹಾಕಿಸಿದ್ದಾರಂತೆ. ಈಚೆಗೆ ನಿಮ್ಮಪ್ಪ ಊಟ ಮಾಡುತ್ತ ಹೇಳಿದ. ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ.

ಈ ಕಟ್ಟಡದಲ್ಲಿ ಬೇಕಾದಷ್ಟು ಸಂಸಾರಗಳಿವೆ. ಲಿಫ್ಟಿನಲ್ಲಿ ಎಲ್ಲರೂ ಹಾಯ್ ಅನ್ನುತ್ತಾರೆ. ಅನುಮಾನಪಡುವಷ್ಟು ಹತ್ತಿರದವರು ನನಗೆ ಯಾರೂ ಇಲ್ಲ.