ಗಾಜಿನ ತೊಟ್ಟಿಯ ಕೆಂಪು ಪಾಚಿ

ಗಾಂಧಿನಗರದ ನಮ್ಮ ಪಕ್ಕದ ಮನೆಯ ರಿಟೈರ್ಡ್ ಬಾಟನಿ ಟೀಚರ್ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಸಮುದ್ರದ ಕೆಂಪು ಪಾಚಿ ಬೆಳೆಸುತ್ತಿದ್ದರು. ದಿನಾ ಬೆಳಿಗ್ಗೆ ಬೆರಳದ್ದಿ ರುಚಿ ನೋಡಿ, ಚೊಂಬಿನಿಂದ ಸಿಹಿನೀರು ಸೇರಿಸುವರು.

“ಬಳ್ಳಾರಿ ಬಿಸಿಲಿಗೆ ನೀರು ಆರತೈತಿ, ಉಪ್ಪು ಉಳೀತೈತಿ,” ಎನ್ನುವರು, ಪ್ರತಿಸಲವೂ.

“ಮೀನು ಯಾವಾಗ ಹಿಡಿಯೋದ್ರಿ ಟೀಚರ್?” ಎಂದು ನಾನು ಟೀಸ್ ಮಾಡುತ್ತಿದ್ದೆ.

“ನಗಬ್ಯಾಡ್ರಿ ಅಕ್ಕಾ. ವಾರ ನಾನಿಲ್ಲಂದ್ರ ಇದು ಸಾಯತೈತಿ.”

ಪೂರ್ ಥಿಂಗ್, ಬೇಸಿಗೆಯ ಶುರುವಿನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಮನೆಗೆ ಇದ್ದದ್ದು ಒಂದೇ ಕೀ, ಕುರುಗೋಡಿನಲ್ಲಿದ್ದ ಅವರ ತಮ್ಮನ ಹತ್ತಿರ. ಬೇಸಿಗೆ ಕಳೆದ ಮೇಲೆ ಆತ ಬಂದು ಬೀಗ ತೆಗೆದಾಗ ನಾನೂ ಒಳಗೆ ಹೋದೆ. ತೊಟ್ಟಿ ತುಂಬಿತ್ತು. ಪಾಚಿ ಹೊಸದಾಗಿ ಚಿಗುರಿ, ನಿಂತ ನೀರಿನಲ್ಲಿ ಮೆಲ್ಲಗೆ ತೂಗುತ್ತಿತ್ತು.

“ಅಕ್ಕಾರ, ಒಳಗ ಯಾರು ಬಂದಿದ್ರು?” ಎಂದ.

ಬೆರಳದ್ದಿ ರುಚಿ ನೋಡಿದೆ. ಉಪ್ಪು ಕರೆಕ್ಟಾಗಿತ್ತು. ಪಕ್ಕದಲ್ಲಿದ್ದ ಚೊಂಬು ಇನ್ನೂ ಒದ್ದೆಯಾಗಿತ್ತು.