ನಲ್ಲಿ ಮುಟ್ಟಿ ಅಂದ ಅಕ್ಕ

ಅಕ್ಕನ ಬಲಗೈಯ ತೋರುಬೆರಳೂ ನಡುಬೆರಳೂ ಅಂಗೈ ಕಡೆಗೆ ಬಾಗಿ ಹಾಗೆಯೇ ನಿಂತುಬಿಟ್ಟಿದ್ದವು. ತುದಿಯ ಚರ್ಮ ಸುಟ್ಟು ಬಿಳಿಚಿಕೊಂಡಿತ್ತು, ಉಗುರು ಮತ್ತೆ ಬಂದಿರಲಿಲ್ಲ. ಉಳಿದ ಬೆರಳುಗಳಲ್ಲೇ ಕತ್ತರಿ ಹಿಡಿದು ಸುತ್ತಲಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದರು.

ತಾಳವಾಡಿಯಲ್ಲಿ ನಾವು ಬಾಡಿಗೆಗಿದ್ದ ಸಾಲುಮನೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಅದಕ್ಕೂ ಮೊದಲು ಸತ್ಯಮಂಗಲದ ಬಾಡಿಗೆ ಮನೆಯಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಹರಿದು ಅವರ ಗಂಡ ಸತ್ತಿದ್ದರು. ಅವರನ್ನು ಎಳೆಯಲು ಹೋದ ಅಕ್ಕನ ಕೈ ಹೀಗಾಗಿತ್ತು. ಸಿಪ್ಪೆ ಕಿತ್ತುಹೋದ ವೈರು ಬದಲಿಸಿ ಎಂದು ಗಂಡ ಆ ಮನೆಯ ಓನರನ್ನು ಎಷ್ಟೋ ಸಲ ಕೇಳಿಕೊಂಡಿದ್ದರಂತೆ. ಯಾರಾದರೂ ಸಮಾಧಾನಕ್ಕೆ ಹಣೆಬರಹ ಎಂದರೆ ಅಕ್ಕ ಹೊಲಿಗೆ ನಿಲ್ಲಿಸಿ ನೆಟ್ಟಗೆ ನೋಡುತ್ತಿದ್ದರು.

"ಅಣೆಬರ ಅನ್ಬ್ಯಾಡ ಕಣವ್ವ. ವೈರು ಅನ್ನು."

ಮಳೆಗಾಲ ಬಂದರೆ ನಮ್ಮ ಸಾಲಿನ ಬಚ್ಚಲ ನಲ್ಲಿಗಳೂ ಮುಟ್ಟಿದರೆ ಕರೆಂಟು ಹೊಡೆದು ಜುಮ್ಮೆನ್ನುತ್ತಿದ್ದವು. ಮನೆ ಓನರು ಎದುರಿನ ಹೊಸ ಮನೆಯಲ್ಲಿದ್ದ. ಅಲ್ಲಿ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗೂ ಇತ್ತು, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚೂ ಇತ್ತು. ನಾವು ದೂರಿದಾಗ ನಕ್ಕ.

"ಚಪ್ಲಿ ಆಕ್ಕೊಂಡು ನೀರ್ ಉಯ್ಕೊಳ್ಳಿ."

"ನಿಮ್ಮನೇಲೂ ಅಂಗೇ ಉಯ್ಕತಾರಾ?" ಎಂದರು ಅಕ್ಕ.

ಕೊನೆಗೆ ದೊಡ್ಡಗಾಜನೂರಿನಿಂದ ವೈರಿಂಗ್‌ನವರನ್ನು ಅಕ್ಕನೇ ಕರೆಸಿದರು. ಬೋರ್ಡು ಬಿಚ್ಚಿದರೆ, ಅರ್ತಿಂಗಿನ ಹಸಿರು ವೈರು ಗೋಡೆಯೊಳಗೆ ಸ್ವಲ್ಪ ದೂರ ಹೋಗಿ ತುಂಡಾಗಿ ನಿಂತಿತ್ತು. ನೆಲದಲ್ಲಿ ಅದಕ್ಕೊಂದು ಗುಂಡಿಯನ್ನೇ ತೋಡಿರಲಿಲ್ಲ. ಮೂರು ತೂತಿನ ಪ್ಲಗ್ಗು ಬರೀ ತೋರಿಕೆಗೆ! ಆ ಬಚ್ಚಲಲ್ಲಿ ನಾವು ಮಕ್ಕಳಿಗೆ ನೀರು ಹುಯ್ಯುತ್ತಿದ್ದೆವು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ನನ್ ಗ್ವಾಡೆ ಬಿಚ್ಚಕೆ ಯಾರ್ ಏಳಿದ್ದು?" ಎಂದು ಓನರು ಕೂಗಾಡಿಕೊಂಡು ಬಂದ. ಅಕ್ಕ ಬಚ್ಚಲ ಬಾಗಿಲು ತೆರೆದು ನಿಂತರು.

"ಬನ್ನಿ ಅಣ್ಣ. ಚಪ್ಲಿ ಬುಟ್ಟು, ಕೈ ಒದ್ದೆ ಮಾಡ್ಕೊಂಡು ಈ ನಲ್ಲಿ ಮುಟ್ಟಿ. ಮುಟ್ಬುಟ್ರೆ ನಾನಿನ್ನ ಸೊಲ್ಲೆತ್ತಾಕಿಲ್ಲ."

ಆತ ಹೊಸ್ತಿಲವರೆಗೆ ಬಂದ. ನಲ್ಲಿಯನ್ನು ನೋಡಿದ. ತಿರುಗಿ ಹೋದ. ಸಾಲಿನವರೆಲ್ಲ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ಟವೆಲ್ಲು, ಬಕೆಟ್ಟು ಹಿಡಿದು ಓನರ ಮನೆಗೇ ನಡೆದರು. ಹಿಂದೆ ನಾವೆಲ್ಲ, ಮಕ್ಕಳನ್ನೂ ಕಟ್ಟಿಕೊಂಡು.

"ನಮ್ ಬಚ್ಲು ಸರಿಯಾಗೋ ಗಂಟ ಇಲ್ಲೇ ನೀರ್ ಉಯ್ಕತೀವಿ."

ಓನರ ಹೆಂಡತಿ ಒಂದು ಕ್ಷಣ ಗಂಡನ ಮುಖ ನೋಡಿ, "ಒಳೀಕೆ ಬನ್ರವ್ವ" ಎಂದು ದಾರಿ ಬಿಟ್ಟರು. ದಿನಾ ಹೋದೆವು. ಆ ವಾರ ಮುಗಿಯುವಷ್ಟರಲ್ಲಿ ಆತ ಹಿತ್ತಲಲ್ಲಿ ಗುಂಡಿ ತೋಡಿಸಿ, ಹೊಸ ವೈರು ಎಳೆಸಿ, ಪ್ರತಿ ಮನೆಗೂ ಕರೆಂಟು ಕಡಿಯುವ ಆ ಸ್ವಿಚ್ಚು ಹಾಕಿಸಿದ.

ಕೆಲಸ ಮುಗಿದದ್ದೇ ತಡ, ಅಕ್ಕನಿಗೆ ಮನೆ ಖಾಲಿ ಮಾಡು ಎಂದ. ನಾವು ಎಷ್ಟು ಜಗಳವಾಡಿದರೂ ಕೇಳಲಿಲ್ಲ. ಹೊಸ ವೈರಿಂಗಿನ ಮನೆ ಎಂದು ಹೇಳಿಕೊಂಡು ಅದನ್ನೇ ಜಾಸ್ತಿ ಬಾಡಿಗೆಗೆ ಕೊಟ್ಟ, ನಾಚಿಕೆಗೆಟ್ಟವನು. ಅಕ್ಕ ಹೊಲಿಗೆ ಮಿಷನ್ನನ್ನು ಆಟೋಗೆ ಏರಿಸಿಕೊಂಡು ಗುಮಟಾಪುರದ ತಂಗಿಯ ಮನೆಗೆ ಹೋದರು.

ಮುಂದಿನ ಮಳೆಗಾಲದಲ್ಲಿ ನನ್ನ ಮಗಳು ಒದ್ದೆ ಕೈಯಲ್ಲೇ ವಾಷಿಂಗ್ ಮಿಷನ್ ಮುಟ್ಟಿದಳು. ಆ ಹೊಸ ಸ್ವಿಚ್ಚು ಟಪ್ಪೆಂದು ಬಿದ್ದು ಕರೆಂಟು ಹೋಯಿತು. ಒಳಗೆ ಇಲಿ ವೈರು ಕಡಿದಿತ್ತು. ಮಗಳು ಬೆದರಿ ಅತ್ತಳು, ಅಷ್ಟೇ. ಅವಳನ್ನು ಕರೆದುಕೊಂಡು ಗುಮಟಾಪುರಕ್ಕೆ ಹೋದೆ. ಸಂಗತಿ ಕೇಳಿದ ಅಕ್ಕ ಮಗಳನ್ನು ಮಡಿಲಿಗೆ ಎಳೆದುಕೊಂಡು ಅವಳ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಕಳೆದ ವರ್ಷ ಅಕ್ಕ ಎದೆನೋವಿನಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಓನರು ಗೇಟಿನ ಹತ್ತಿರ ಸಿಕ್ಕಿದ.

"ಪಾಪ, ಒಳ್ಳೇವ್ಳೇಯ. ಬಾಯಿ ವಸಿ ಜೋರು," ಎಂದ.

"ಜೋರಿದ್ದುದ್ಕೇ ನನ್ ಮಗ್ಳು ಬದ್ಕವ್ಳೆ," ಎಂದೆ. ಬೀದಿಗೆಲ್ಲ ಕೇಳುವಂತೆಯೇ ಎಂದೆ.